ಮರದ ಗೋಡೆಯ ಹಸುರು ಪಾಚಿ

ಬಸವಕಲ್ಯಾಣ, ಹುಮನಾಬಾದುಗಳ ವೈಶಾಖದ ಬಿಸಿಲನ್ನು ಕಂಡವರು ಅಲ್ಲಿ ಪಾಚಿ ಬೆಳೆಯುವುದೆಂದರೆ ಸುಲಭವಾಗಿ ನಂಬಲಾರರು. ಆದರೆ ಮಳೆಗಾಲವು ಕಾಲಿಟ್ಟು ಕೆಲವು ವಾರಗಳಾಗುವಷ್ಟರಲ್ಲಿ ಹೆಬ್ಬಾಗಿಲಿನ ಬುಡ, ಹೊರಪಡಸಾಲೆಯ ಕಂಬ, ಹಿತ್ತಲಿನ ಹಲಗೆಗೋಡೆ ಇವುಗಳ ಮೇಲೆ ಹಸುರು ಲೇಪವೊಂದು ತಲೆದೋರುತ್ತದೆ. ಉಜ್ಜಿ ತೆಗೆದರೂ ಮರುವರ್ಷ ಅದೇ ಸ್ಥಳದಲ್ಲಿ ಮತ್ತೆ ಹಾಜರು! ಇದಕ್ಕೆ ಕಾರಣವೇನೆಂಬುದನ್ನು ವಿಚಾರಿಸೋಣ.

ಪಾಚಿಯ ಸ್ವರೂಪ

ಈ ಲೇಪದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಸಂಖ್ಯಾತ ಹಸುರು ಕೋಶಗಳು ಕಾಣುತ್ತವೆ. ಒಂದೊಂದರ ಅಗಲವು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು, ಇಲ್ಲವೆ ಇನ್ನೂ ಕಡಿಮೆ. ಇವು ಗಾಳಿಯಲ್ಲಿ ತೇಲಿ ಬಂದು ನೆಲೆಸಿದ ಸಸ್ಯಗಳು. ಬೇರಿಲ್ಲ, ಎಲೆಯಿಲ್ಲ, ಆದರೂ ಪತ್ರಹರಿತ್ತಿನ ಬಲದಿಂದ ನೀರು, ಇಂಗಾಲಾಮ್ಲ ವಾಯು ಮತ್ತು ಬೆಳಕುಗಳನ್ನು ಬಳಸಿ ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳುತ್ತವೆ. ಬೇಕಾದ ಲವಣಗಳು ಧೂಳಿನಿಂದ ದೊರೆಯುತ್ತವೆ. ಬೇಸಗೆಯಲ್ಲಿ ಇವುಗಳಲ್ಲಿ ಅನೇಕವು ಒಣಗಿ, ಸಾಯದೆ, ಸುಪ್ತವಾಗಿದ್ದು, ಮೊದಲ ಮಳೆಗೆ ಮತ್ತೆ ಚೇತರಿಸಿಕೊಳ್ಳುತ್ತವೆ.

ಹಾಗಾದರೆ ಪಾಚಿಯು ಮರವನ್ನು ತಿನ್ನುವುದೇ? ಇಲ್ಲ. ಮರವನ್ನು ಕೊಳೆಯಿಸುವುದು ಶಿಲೀಂಧ್ರ. ಮರದ ತೇವಾಂಶವು ಅದರ ಒಣತೂಕದ ನೂರಕ್ಕೆ 20ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಶಿಲೀಂಧ್ರಕ್ಕೆ ಅಲ್ಲಿ ನೆಲೆಯಿಲ್ಲ. ಪಾಚಿ ದಟ್ಟವಾಗಿ ನಿಂತಿದೆಯೆಂದರೆ ಆ ಸ್ಥಳವು ಬಹುಕಾಲ ಒದ್ದೆಯಾಗಿರುತ್ತದೆಂದು ಅರ್ಥ. ಪಾಚಿಯು ಕಳ್ಳನಲ್ಲ, ಕಳ್ಳನು ಬರುವ ದಾರಿಯನ್ನು ತೋರಿಸುವ ಸಾಕ್ಷಿ. ಸಾಕ್ಷಿಯನ್ನು ಅಳಿಸಿದ ಮಾತ್ರಕ್ಕೆ ಮನೆಗೆ ಕಾವಲಾಗದು.

ಯಾವ ಗೋಡೆಗೆ ಹೆಚ್ಚು?

ಉತ್ತರದ ಗೋಡೆಗೆ ಬಿಸಿಲು ಬೀಳದೆಂದು ಯೂರೋಪಿನ ಪುಸ್ತಕಗಳು ಹೇಳುತ್ತವೆ. ನಮ್ಮಲ್ಲಿ ಇದು ಪೂರ್ತಿ ನಿಜವಲ್ಲ. ಈ ಎರಡು ಊರುಗಳೂ ಸುಮಾರು 17.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಮೇ ತಿಂಗಳ ಎರಡನೆಯ ವಾರದಿಂದ ಆಗಸ್ಟ್ ಆರಂಭದವರೆಗೆ ನಡುಹಗಲಿನ ಸೂರ್ಯನು ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ಅನಂತರ ಅವನು ದಕ್ಷಿಣಕ್ಕೆ ಸರಿದಂತೆ ಉತ್ತರದ ಗೋಡೆಯು ನೆರಳಿಗೆ ಬೀಳುತ್ತದೆ. ಮಳೆಯಾದರೋ ಸೆಪ್ಟೆಂಬರಿನಲ್ಲಿಯೂ ಬಿಡುವುದಿಲ್ಲ. ಆದುದರಿಂದ ಮುಂಗಾರಿನ ಗಾಳಿಗೆದುರಾದ ಪಡುವಣ ಗೋಡೆಯು ಹೆಚ್ಚು ನೆನೆದರೆ, ಉತ್ತರದ ಗೋಡೆಯು ತಡವಾಗಿ ಒಣಗುತ್ತದೆ.

ಕಲ್ಲಿನ ಪಾತ್ರವೂ ಉಂಟು. ಬಸವಕಲ್ಯಾಣದ ಕೋಟೆಯಲ್ಲಿ ಕಾಣುವ ಕರಿಗಲ್ಲು ಗಟ್ಟಿಯಾದುದು. ನೀರನ್ನು ಅಷ್ಟಾಗಿ ಹೀರದು. ಬೀದರ, ಹುಮನಾಬಾದುಗಳ ಕಡೆಯ ಕೆಂಪು ಜಂಬಿಟ್ಟಿಗೆಯಾದರೋ ರಂಧ್ರಮಯವಾದುದು. ನೆನೆದ ಜಂಬಿಟ್ಟಿಗೆಗೆ ಅಂಟಿಕೊಂಡ ಚೌಕಟ್ಟು ಮಳೆ ನಿಂತ ಮೇಲೂ ಅದರಿಂದ ತೇವವನ್ನು ಪಡೆಯುತ್ತಿರುತ್ತದೆ.

ತೆಗೆಯುವ ಬಗೆ

ಹೊಳವಾದ ದಿನವನ್ನು ನೋಡಿ, ಮೃದುವಾದ ಕುಂಚದಿಂದ ಮರದ ನಾರಿನ ಉದ್ದಕ್ಕೆ ಉಜ್ಜಿ, ಸಾಬೂನಿನ ನೀರಿನಿಂದ ತೊಳೆಯಬೇಕು. ತಂತಿಯ ಕುಂಚವು ನಾರನ್ನು ಸೀಳುತ್ತದೆ; ಸೀಳಿದ ಮೈಯಲ್ಲಿ ನೀರು ಇನ್ನಷ್ಟು ನಿಲ್ಲುತ್ತದೆ. ಮೊಂಡು ಪಾಚಿಗೆ ಚಲುವೆಪುಡಿಯ ತೆಳುವಾದ ದ್ರಾವಣವನ್ನು ಹಚ್ಚಿ, ಕಾಲು ಗಂಟೆಯ ಮೇಲೆ ಚೆನ್ನಾಗಿ ತೊಳೆಯಬಹುದು. ಕೈಗೂ ಕಣ್ಣಿಗೂ ರಕ್ಷಣೆಯಿರಲಿ. ಇದಕ್ಕೆ ಆಮ್ಲವನ್ನು ಎಂದಿಗೂ ಬೆರೆಸಬಾರದು. ವಿಷಕರವಾದ ಕ್ಲೋರಿನ್ ಹೊರಡುತ್ತದೆ. ಮೈಲುತುತ್ತವು ಪಾಚಿಯನ್ನು ಕೊಲ್ಲುವುದು ನಿಜ. ಆದರೆ ಬಾಗಿಲಿನ ಕಬ್ಬಿಣದ ಮೊಳೆಗಳನ್ನು ತಿನ್ನುತ್ತದೆ, ಹರಿದು ಕೆರೆ ಸೇರಿದರೆ ಮೀನಿಗೂ ಕೇಡು. ರಕ್ಷಿತ ಸ್ಮಾರಕಗಳ ಬಾಗಿಲಿಗೆ ನಾವು ಕೈಹಚ್ಚಲೇ ಬಾರದು. ಅದು ತಜ್ಞರ ಕೆಲಸ.

ತಡೆಯುವ ಬಗೆ

ನಮ್ಮ ಹಿರಿಯರು ಮರದ ಕಂಬವನ್ನು ನೆಲದಲ್ಲಿ ಹೂಳದೆ ಕಲ್ಲಿನ ಮೇಲೆ ನಿಲ್ಲಿಸಿದುದು ಅಂದಕ್ಕಾಗಿ ಮಾತ್ರವಲ್ಲ. ಮರವು ತನ್ನ ಕೊಯ್ದ ತುದಿಯಿಂದ ನೀರನ್ನು ಬಲು ಬೇಗ ಹೀರುತ್ತದೆ. ಕಲ್ಲು ಆ ತುದಿಯನ್ನು ಮಣ್ಣಿನಿಂದ ದೂರವಿಡುತ್ತದೆ. ಸೂರನ್ನು ಮುಂಚಾಚಿಸುವುದು, ನೀರಿನ ದೋಣಿಯನ್ನು ಸರಿಪಡಿಸುವುದು, ಬುಡಕ್ಕೆ ಹನಿ ಸಿಡಿಯದಂತೆ ಮಾಡುವುದು, ಒತ್ತಿ ಬೆಳೆದ ಗಿಡವನ್ನು ಸವರಿ ಗಾಳಿಗೆ ದಾರಿ ಬಿಡುವುದು, ಇವೇ ಮುಖ್ಯೋಪಾಯಗಳು. ಕುದಿಸಿದ ಅಗಸೆ ಎಣ್ಣೆಯನ್ನೋ ಬಣ್ಣವನ್ನೋ ಪೂರ್ತಿ ಒಣಗಿದ ಮರಕ್ಕೆ ಮಾತ್ರ ಬಳಿಯಬೇಕು. ಹಸಿಮರಕ್ಕೆ ಬಳಿದರೆ ತೇವವು ಒಳಗೇ ಸೆರೆಯಾಗುತ್ತದೆ. ಅಗಸೆ ಎಣ್ಣೆಯಲ್ಲಿ ನೆನೆದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು, ಹರಡಿ ಒಣಗಿಸಬೇಕು.

ಒಂದು ಪ್ರಯೋಗ

ಒಂದೇ ಹಲಗೆಯಿಂದ ಎರಡು ತುಂಡುಗಳನ್ನು ಕೊಯ್ದು, ಒಂದನ್ನು ಹಸಿಮಣ್ಣಿನಲ್ಲಿ ನೆಡಿರಿ, ಇನ್ನೊಂದನ್ನು ಸೂರಿನ ಕೆಳಗೆ ಕಲ್ಲಿನ ಮೇಲೆ ನಿಲ್ಲಿಸಿರಿ. ತಿಂಗಳು ಕಳೆದ ಮೇಲೆ ಎರಡನ್ನೂ ತೂಗಿ, ಕಾಲೇಜಿನ ಪ್ರಯೋಗಶಾಲೆಯ ಒಲೆಯಲ್ಲಿ 103 ಡಿಗ್ರಿ ಸೆಂಟಿಗ್ರೇಡಿನಲ್ಲಿ ತೂಕವು ಸ್ಥಿರವಾಗುವವರೆಗೆ ಒಣಗಿಸಿ, ಮತ್ತೆ ತೂಗಿರಿ. 125 ಗ್ರಾಂ ಇದ್ದುದು 100 ಗ್ರಾಂ ಆದರೆ ತೇವಾಂಶವು ನೂರಕ್ಕೆ 25. ಅಂದರೆ ಆ ಮರವು ಅಪಾಯದ ಗೆರೆಯನ್ನು ದಾಟಿದೆ. ಎರಡು ತುಂಡುಗಳ ಲೆಕ್ಕವನ್ನು ಹೋಲಿಸಿ ನೋಡಿದವರು ಮುಂದಿನ ಮಳೆಗಾಲದಲ್ಲಿ ಮೊದಲು ಕುಂಚವನ್ನು ಹುಡುಕುವುದಿಲ್ಲ. ನೀರು ಬರುವ ದಾರಿಯನ್ನು ಹುಡುಕುತ್ತಾರೆ.