‘ಸಿನಿಮಾನೇ ಚೆನ್ನಾಗಿತ್ತು ಸರ್’: ಕೃತಿ ಮತ್ತು ಚಿತ್ರವನ್ನು ಜೊತೆಗಿಟ್ಟು ಕಲಿಸಿದ ಒಂದು ಪ್ರಯೋಗ

ಹಿನ್ನೆಲೆ

ಎರಡು ವರ್ಷಗಳ ಹಿಂದೆ, ಬೋಧನಾಭ್ಯಾಸದ ಅವಧಿಯಲ್ಲಿ, ಒಂಬತ್ತನೆಯ ತರಗತಿಯ ಕನ್ನಡ ಗದ್ಯಪಾಠವೊಂದನ್ನು ವೀಕ್ಷಿಸುತ್ತಿದ್ದೆ. ಅದು ಚಲನಚಿತ್ರವಾಗಿರುವ ಒಂದು ಕಥೆ. ಪ್ರಶಿಕ್ಷಣಾರ್ಥಿ ಚೆನ್ನಾಗಿ ಸಿದ್ಧರಾಗಿ ಬಂದಿದ್ದರು. ಹಿಂದಿನ ದಿನವೇ ಚಿತ್ರದ ಕೆಲವು ದೃಶ್ಯಗಳನ್ನು ಮಕ್ಕಳಿಗೆ ತೋರಿಸಿದ್ದರು. ಪಾಠ ಮುಗಿಯುವ ಹೊತ್ತಿಗೆ ‘ಕಥೆ ಮೇಲೋ, ಸಿನಿಮಾ ಮೇಲೋ?’ ಎಂದು ಕೇಳಿದರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ‘ಸಿನಿಮಾನೇ ಚೆನ್ನಾಗಿತ್ತು ಸರ್’ ಎಂದ. ‘ತಪ್ಪು. ಮೂಲಕೃತಿಯೇ ಯಾವಾಗಲೂ ಶ್ರೇಷ್ಠ. ಎಲ್ಲರೂ ಬರೆದುಕೊಳ್ಳಿ’ ಎಂದು ಹೇಳಿ ಪ್ರಶಿಕ್ಷಣಾರ್ಥಿ ಪಾಠ ಮುಗಿಸಿದರು. ಹುಡುಗ ಕುಳಿತ. ಮಕ್ಕಳು ಬರೆದುಕೊಂಡರು. ನಾನು ವೀಕ್ಷಣಾ ಪುಸ್ತಕದಲ್ಲಿ ‘ಮುಕ್ತಾಯ ಪರಿಣಾಮಕಾರಿಯಾಗಿದೆ’ ಎಂದು ಬರೆದೆ.

ಆ ಒಂದು ಸಾಲಿನ ಬಗ್ಗೆ ನನಗೆ ಇಂದಿಗೂ ಸಮಾಧಾನವಿಲ್ಲ. ಉತ್ತರ ಮೊದಲೇ ಸಿದ್ಧವಾಗಿದ್ದರೆ ಪ್ರಶ್ನೆ ಕೇಳುವ ಅಗತ್ಯವೇನು? ‘ಮೂಲಕೃತಿಯೇ ಶ್ರೇಷ್ಠ’ ಎನ್ನುವುದನ್ನು ಆ ಪ್ರಶಿಕ್ಷಣಾರ್ಥಿ ಕಲಿತದ್ದಾದರೂ ಎಲ್ಲಿ? ನನ್ನಂಥವರ ತರಗತಿಯಲ್ಲೇ. ಹೀಗಾಗಿ ಮರುವರ್ಷ ‘ಪಠ್ಯಗಳ ಓದು ಮತ್ತು ಅವಲೋಕನ’ದ ಅವಧಿಗಳಲ್ಲಿ ಪ್ರಶಿಕ್ಷಣಾರ್ಥಿಗಳೊಂದಿಗೇ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡೆ. ಆ ಪಾಠದ ವಿವರ ಮತ್ತು ಅದರಿಂದ ನಾವು ಕಲಿತದ್ದು ಇಲ್ಲಿದೆ.

ಪಠ್ಯದ ಆಯ್ಕೆ

ಆರಿಸಿಕೊಂಡದ್ದು ‘ಪಥೇರ್ ಪಾಂಚಾಲಿ’. ಬಿಭೂತಿಭೂಷಣ ಬಂದ್ಯೋಪಾಧ್ಯಾಯರ ಈ ಬಂಗಾಳಿ ಕಾದಂಬರಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, 1929ರಲ್ಲಿ ಪುಸ್ತಕವಾಯಿತು. ಸತ್ಯಜಿತ್ ರಾಯ್ ಅವರ ಚಿತ್ರ ತೆರೆಕಂಡದ್ದು 1955ರಲ್ಲಿ. ಮರುವರ್ಷ ಅದು ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಇಂದು ಕಾದಂಬರಿಯ ಹೆಸರನ್ನು ಚಿತ್ರದಿಂದಲೇ ತಿಳಿದವರು ಬಂಗಾಳದ ಹೊರಗೆ ಬಹಳ ಮಂದಿ. ಅಂದರೆ ‘ಚಿತ್ರ ಕೃತಿಯನ್ನು ಮೀರಿತು’ ಎಂಬ ಮಾತಿಗೆ ಇಲ್ಲಿ ಗಟ್ಟಿಯಾದ ಆಧಾರವಿದೆ. ಮೂಲಕೃತಿಯೂ ದುರ್ಬಲವಲ್ಲ, ಬಂಗಾಳಿಯ ದೊಡ್ಡ ಕಾದಂಬರಿಗಳಲ್ಲಿ ಒಂದು. ದುರ್ಬಲ ಪುಸ್ತಕವೊಂದನ್ನು ಒಳ್ಳೆಯ ಚಿತ್ರ ಮೀರಿದರೆ ಅದರಲ್ಲಿ ಕಲಿಯುವುದು ಕಡಿಮೆ.

ಶಿಕ್ಷಕರಾಗುವವರಿಗೆ ಈ ಕೃತಿ ಹತ್ತಿರವಾಗಲು ಇನ್ನೂ ಎರಡು ಕಾರಣಗಳಿವೆ. ಬಿಭೂತಿಭೂಷಣರು ಶಾಲಾ ಮಾಸ್ತರರಾಗಿದ್ದವರು. ರಾಯ್ ಅವರನ್ನು ಈ ಕಥೆ ಹಿಡಿದುಕೊಂಡದ್ದು ಅದರ ಮಕ್ಕಳ ಸಂಕ್ಷಿಪ್ತ ಆವೃತ್ತಿಯ ಮೂಲಕ. 1940ರ ದಶಕದಲ್ಲಿ ಕಲ್ಕತ್ತದ ಸಿಗ್ನೆಟ್ ಪ್ರೆಸ್ಸಿಗಾಗಿ ಅವರು ಆ ಆವೃತ್ತಿಗೆ ಚಿತ್ರ ಬರೆದರು. ಚಲನಚಿತ್ರದ ಯೋಚನೆ ಮೊಳೆತದ್ದು ಅಲ್ಲಿ.

ಪಾಠದ ಹಂತಗಳು

ಒಟ್ಟು ನಾಲ್ಕು ಅವಧಿಗಳು. ಮೊದಲ ಅವಧಿಯಲ್ಲಿ ಕಾದಂಬರಿಯ ನಾಲ್ಕು ಸನ್ನಿವೇಶಗಳನ್ನು ಅನುವಾದದಲ್ಲಿ ಓದಿದೆವು. ಎರಡನೆಯದರಲ್ಲಿ ಅದೇ ಸನ್ನಿವೇಶಗಳ ದೃಶ್ಯಗಳನ್ನು ನೋಡಿದೆವು. ಮೂರನೆಯದು ಗುಂಪು ಚರ್ಚೆ, ನಾಲ್ಕನೆಯದು ಬರವಣಿಗೆ. ಕ್ರಮವನ್ನು ಬದಲಿಸಬಾರದು. ಮೊದಲು ಚಿತ್ರ ನೋಡಿದವರಿಗೆ ಓದುವಾಗಲೂ ಆ ನಟರ ಮುಖಗಳೇ ಕಾಣುತ್ತವೆ.

ಎರಡು ನಿಯಮಗಳನ್ನು ಕಪ್ಪುಹಲಗೆಯ ಮೇಲೆ ಬರೆದಿದ್ದೆ. ಒಂದು: ‘ಮೇಲು’, ‘ಕೀಳು’ ಎಂದು ಇಡೀ ಕೃತಿಯ ಬಗ್ಗೆ ಹೇಳುವಂತಿಲ್ಲ, ಒಂದು ಸನ್ನಿವೇಶದ ಬಗ್ಗೆ ಮಾತ್ರ. ಎರಡು: ಹೇಳಿದವರು ಪುಟದಿಂದ ಒಂದು ಆಧಾರ, ತೆರೆಯಿಂದ ಒಂದು ಆಧಾರ ಕೊಡಬೇಕು.

ನಾಲ್ಕು ಸನ್ನಿವೇಶಗಳು

ಅಂಗಡಿಯ ಪಾಠಶಾಲೆ. ನಿಶ್ಚಿಂದಿಪುರದ ಬಾಲಕ ಅಪು ಓದಲು ಹೋಗುವುದು ಪ್ರಸನ್ನ ಗುರುಮಹಾಶಯರ ಪಾಠಶಾಲೆಗೆ. ಗುರುಗಳು ದಿನಸಿ ಅಂಗಡಿಯನ್ನೂ ನಡೆಸುತ್ತಾರೆ. ಚಿತ್ರದಲ್ಲಿ ಅವರು ಸಾಮಾನು ತೂಗುತ್ತಲೇ ಉಕ್ತಲೇಖನ ಹೇಳುತ್ತಾರೆ, ಬೆತ್ತ ಕೈಯಳತೆಯಲ್ಲೇ ಇರುತ್ತದೆ. ನಮ್ಮ ತರಗತಿ ಬಿದ್ದು ಬಿದ್ದು ನಕ್ಕಿತು. ಕಾದಂಬರಿಯಲ್ಲಿ ಇದೇ ಉಕ್ತಲೇಖನದ ಹೊತ್ತಿಗೆ ಬೇರೊಂದು ಸಂಗತಿ ನಡೆಯುತ್ತದೆ. ಬೆಟ್ಟವೊಂದನ್ನು ವರ್ಣಿಸುವ ಸಂಸ್ಕೃತಭೂಯಿಷ್ಠ ವಾಕ್ಯ ಅಪುವಿನ ಕಿವಿಗೆ ಬೀಳುತ್ತದೆ. ಪದಗಳ ಅರ್ಥ ಅವನಿಗೆ ತಿಳಿಯದು. ಆದರೂ ಆ ನಾದದಿಂದಲೇ ಒಂದು ಅಪರಿಚಿತ ನಾಡು ಅವನ ಮನಸ್ಸಿನಲ್ಲಿ ಎದ್ದು ನಿಲ್ಲುತ್ತದೆ. ಮಗುವೊಂದಕ್ಕೆ ಭಾಷೆಯ ರುಚಿ ಹತ್ತುವ ಗಳಿಗೆ ಅದು. ಕ್ಯಾಮೆರಾ ಅಪುವಿನ ಅಗಲವಾದ ಕಣ್ಣುಗಳನ್ನು ತೋರಿಸಬಲ್ಲದು, ಆ ಕಣ್ಣಿನ ಹಿಂದೆ ಎದ್ದ ಬೆಟ್ಟವನ್ನಲ್ಲ. ಇಲ್ಲಿ ಪುಸ್ತಕದ್ದೇ ಮೇಲುಗೈ ಎಂದು ಹೆಚ್ಚಿನವರು ಒಪ್ಪಿದರು. ‘ನಾವು ಉಕ್ತಲೇಖನವನ್ನು ಕಾಗುಣಿತದ ಪರೀಕ್ಷೆ ಎಂದು ಮಾತ್ರ ತಿಳಿದಿದ್ದೆವು’ ಎಂದು ಒಬ್ಬರು ತಮ್ಮ ದಿನಚರಿಯಲ್ಲಿ ಬರೆದರು.

ಕದ್ದ ವಸ್ತು. ಅಪುವಿನ ಅಕ್ಕ ದುರ್ಗಾಳ ಮೇಲೆ ನೆರೆಮನೆಯವರು ಕಳ್ಳತನದ ಆರೋಪ ಹೊರಿಸುತ್ತಾರೆ. ಅವಳು ಒಪ್ಪುವುದಿಲ್ಲ. ಅವಳು ತೀರಿಕೊಂಡ ಮೇಲೆ, ಊರು ಬಿಡುವ ಹೊತ್ತಿನಲ್ಲಿ, ಕದ್ದ ವಸ್ತು ಅಪುವಿನ ಕೈಗೆ ಸಿಗುತ್ತದೆ. ಕಾದಂಬರಿಯಲ್ಲಿ ಅದು ಚಿನ್ನದ ಕುಂಕುಮದ ಭರಣಿ, ಅಪು ಅದನ್ನು ಬಿದಿರು ಮೆಳೆಯೊಳಗೆ ಎಸೆಯುತ್ತಾನೆ. ಚಿತ್ರದಲ್ಲಿ ಅದು ಮಣಿಸರ. ಅವನು ಓಡಿಹೋಗಿ ಕೊಳಕ್ಕೆ ಎಸೆಯುತ್ತಾನೆ. ನೀರಿನ ಮೇಲಿನ ಪಾಚಿ ಬಿರಿದು ಬಾಯಿ ತೆರೆಯುತ್ತದೆ, ಮತ್ತೆ ನಿಧಾನವಾಗಿ ಮುಚ್ಚಿಕೊಳ್ಳುತ್ತದೆ. ಒಂದೇ ಒಂದು ಮಾತಿಲ್ಲ. ಅಕ್ಕನ ತಪ್ಪು, ಅದನ್ನು ಮುಚ್ಚಿಡುವ ತಮ್ಮನ ಪ್ರೀತಿ, ಇನ್ನು ಯಾರಿಗೂ ತಿಳಿಯದೆ ಉಳಿಯುವ ಗುಟ್ಟು, ಎಲ್ಲವೂ ಆ ಪಾಚಿ ಮುಚ್ಚಿಕೊಳ್ಳುವ ಕೆಲವು ಕ್ಷಣಗಳಲ್ಲಿವೆ. ಎಸೆಯುವ ಕ್ರಿಯೆಯನ್ನು ರಾಯ್ ಹಾಗೆಯೇ ಇಟ್ಟುಕೊಂಡು, ಎಸೆಯುವ ಜಾಗವನ್ನು ಮಾತ್ರ ಬದಲಿಸಿದರು. ಬಿದಿರು ಮೆಳೆ ವಸ್ತುವನ್ನು ಮರೆಮಾಡುತ್ತದೆ. ಕೊಳ ಮರೆಮಾಡುವುದನ್ನೇ ನಮಗೆ ಕಾಣಿಸುತ್ತದೆ. ಇಲ್ಲಿ ಚಿತ್ರ ಪುಸ್ತಕವನ್ನು ಮೀರಿದೆ ಎನ್ನಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ತಾಯಿಯ ಅಳು. ಹರಿಹರ ಬಹುದಿನಗಳ ಮೇಲೆ ಊರಿಗೆ ಮರಳುತ್ತಾನೆ. ಮಗಳು ಇಲ್ಲವಾದದ್ದು ಅವನಿಗೆ ಗೊತ್ತಿಲ್ಲ, ಅವಳಿಗಾಗಿ ತಂದದ್ದನ್ನು ತೆಗೆದು ತೋರಿಸುತ್ತಾನೆ. ಸರ್ವಜಯಾ ಒಡೆದು ಅಳುತ್ತಾಳೆ. ಕಾದಂಬರಿಯಲ್ಲಿ ಅವಳು ಮಾತಿನಲ್ಲಿ ಹೇಳಿ ಅಳುತ್ತಾಳೆ. ಚಿತ್ರದಲ್ಲಿ ಅವಳ ಬಾಯಿ ತೆರೆದಿರುತ್ತದೆ, ಆದರೆ ನಮಗೆ ಅವಳ ದನಿ ಕೇಳುವುದಿಲ್ಲ. ಅದರ ಜಾಗದಲ್ಲಿ ತಾರ್ ಶಹನಾಯಿ ಎಂಬ ತಂತಿವಾದ್ಯ ಎತ್ತರದ ಸ್ಥಾಯಿಯಲ್ಲಿ ಕೇಳುತ್ತದೆ. ನಮ್ಮ ತರಗತಿ ಇಲ್ಲಿ ಒಡೆಯಿತು. ಸಂಗೀತ ದುಃಖವನ್ನು ದೊಡ್ಡದು ಮಾಡಿತು ಎಂದು ಕೆಲವರು. ‘ನನ್ನ ಅಜ್ಜಿ ಹೀಗೆ ಅತ್ತದ್ದು ನೋಡಿದ್ದೇನೆ. ಆ ದನಿ ಮುಚ್ಚಿದ್ದು ನನಗೆ ಸರಿ ಕಾಣಲಿಲ್ಲ’ ಎಂದು ಒಬ್ಬಾಕೆ. ಅವರನ್ನು ಒಪ್ಪಿಸಲು ನಾನು ಹೋಗಲಿಲ್ಲ. ಅವರ ಬಳಿ ಎರಡೂ ಆಧಾರಗಳಿದ್ದವು.

ರೈಲು. ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದದ್ದು ಇದೇ. ಚಿತ್ರದಲ್ಲಿ ಅಕ್ಕ ತಮ್ಮ ಬಿಳಿ ಕಾಶ ಹುಲ್ಲಿನ ಬಯಲು ದಾಟಿ ಓಡುತ್ತಾರೆ, ಹೊಗೆಯುಗುಳುತ್ತ ರೈಲು ಹಾದುಹೋಗುತ್ತದೆ. ಚಿತ್ರೀಕರಣ ಶುರುವಾದದ್ದೇ 1952ರ ಅಕ್ಟೋಬರಿನಲ್ಲಿ, ಆ ಬಯಲಿನಲ್ಲಿ. ಮರುವಾರ ತಂಡ ಮತ್ತೆ ಹೋದಾಗ ದನಗಳು ಹೂವೆಲ್ಲ ಮೇದುಬಿಟ್ಟಿದ್ದವು, ಮುಂದಿನ ವರ್ಷ ಹುಲ್ಲು ಹೂಬಿಡುವವರೆಗೆ ಕಾಯಬೇಕಾಯಿತು. ಲೇಖಕ ಒಂದು ವಾಕ್ಯದಲ್ಲಿ ಅರಳಿಸುವ ಬಯಲಿಗೆ ನಿರ್ದೇಶಕ ಒಂದು ವರ್ಷ ಕೊಡಬೇಕಾಯಿತು.

ಕಾದಂಬರಿಯಲ್ಲಾದರೋ ದುರ್ಗಾ ರೈಲನ್ನು ನೋಡುವುದೇ ಇಲ್ಲ. ಮಕ್ಕಳಿಬ್ಬರೂ ಒಮ್ಮೆ ಹುಡುಕಿಕೊಂಡು ಹೊರಟು ದಾರಿ ತಪ್ಪುತ್ತಾರೆ. ಕೊನೆಯ ಕಾಯಿಲೆಯಲ್ಲಿ, ಹುಷಾರಾದ ಮೇಲೆ ತನಗೆ ರೈಲು ತೋರಿಸುವೆಯಾ ಎಂದು ಅವಳು ತಮ್ಮನನ್ನು ಕೇಳುತ್ತಾಳೆ. ಮುಂದೆ ಊರು ಬಿಟ್ಟು ಹೋಗುವಾಗ ಅಪು ಹತ್ತುವುದು ಅದೇ ರೈಲನ್ನು. ಹಾಗಾದರೆ ಚಿತ್ರ ಮಾಡಿದ್ದು ಸರಿಯೇ? ತೆರೆಯ ಮೇಲೆ ಅತ್ಯಂತ ಪ್ರಸಿದ್ಧವಾದ ದೃಶ್ಯವೇ ಕೃತಿಯ ಅತ್ಯಂತ ದೊಡ್ಡ ಕೊರತೆಯನ್ನು ಅಳಿಸಿತಲ್ಲ! ಒಂದು ಗುಂಪು ಹೀಗೆಂದು ಬಲವಾಗಿ ವಾದಿಸಿತು. ಇನ್ನೊಂದು ಗುಂಪು ದೃಶ್ಯಗಳ ಕ್ರಮದತ್ತ ಬೊಟ್ಟು ಮಾಡಿತು. ರೈಲು ನೋಡಿ ಮರಳುವ ಮಕ್ಕಳಿಗೆ ಬಿದಿರು ಮೆಳೆಯಲ್ಲಿ ಎದುರಾಗುವುದು ಮುದುಕಿ ಇಂದಿರ್ ಠಾಕ್ರುನ್‌ಳ ಸಾವು. ಕಾದಂಬರಿಯಲ್ಲಿ ಆಕೆ ಮೊದಲ ಭಾಗದಲ್ಲೇ ತೀರಿಹೋಗುತ್ತಾಳೆ, ಆಗ ಅಪು ಇನ್ನೂ ಕೂಸು. ರಾಯ್ ಅವಳನ್ನು ಅಷ್ಟು ಕಾಲ ಬದುಕಿಸಿಟ್ಟು, ಮಕ್ಕಳ ಅತಿ ದೊಡ್ಡ ಸಂತೋಷದ ಪಕ್ಕದಲ್ಲೇ ಅವರು ಕಾಣುವ ಮೊದಲ ಸಾವನ್ನು ಇಟ್ಟರು. ಒಂದನ್ನು ಕಳೆದು ಇನ್ನೊಂದನ್ನು ಕೂಡಿಸಿದರು. ಈ ಲೆಕ್ಕದಲ್ಲಿ ಯಾರು ಗೆದ್ದರೆಂದು ತರಗತಿ ತೀರ್ಮಾನಿಸಲಿಲ್ಲ. ಆದರೆ ಅವಧಿ ಮುಗಿದ ಗಂಟೆ ಬಾರಿಸಿದರೂ ಯಾರೂ ಏಳಲಿಲ್ಲ.

ಚರ್ಚೆಯಿಂದ ತಿಳಿದದ್ದು

ಮೊದಲನೆಯದಾಗಿ, ಚಿತ್ರ ಕೃತಿಯನ್ನು ಮೀರುವುದು ನಿಷ್ಠೆಯಿಂದ ನಕಲು ಮಾಡಿದಲ್ಲಿ ಅಲ್ಲ, ತನ್ನದೇ ಸಾಧನವನ್ನು ಕಂಡುಕೊಂಡಲ್ಲಿ. ಪಾಚಿ ಮುಚ್ಚಿಕೊಳ್ಳುವುದನ್ನು ಬರೆಯಬಹುದು, ಆದರೆ ಅದು ಮುಚ್ಚಿಕೊಳ್ಳಲು ಹಿಡಿಯುವ ಹೊತ್ತನ್ನು ನೋಡುಗರಿಂದ ಕಾಯಿಸಲಾಗದು. ಪುಸ್ತಕ ಉಳಿಯುವುದೂ ತೆರೆಗೆ ಎಟುಕದ ಕಡೆ, ಉಕ್ತಲೇಖನ ಕೇಳುವ ಮಗುವಿನ ತಲೆಯೊಳಗೆ.

ಎರಡನೆಯದಾಗಿ, ನಾವು ‘ಮೂಲ’ ಎನ್ನುವುದೂ ಸ್ಥಿರವಲ್ಲ. ಕ್ಲಾರ್ಕ್ ಮತ್ತು ತಾರಾಪದ ಮುಖರ್ಜಿಯವರ 1968ರ ಇಂಗ್ಲಿಷ್ ಅನುವಾದ ಕಾದಂಬರಿಯ ಮೂರನೆಯ ಭಾಗವನ್ನು ಬಿಟ್ಟು, ಕುಟುಂಬ ಹಳ್ಳಿಯನ್ನು ತೊರೆಯುವಲ್ಲಿಗೆ ನಿಲ್ಲುತ್ತದೆ. ಚಿತ್ರ ಮುಗಿಯುವುದೂ ಕುಟುಂಬ ಎತ್ತಿನ ಗಾಡಿಯಲ್ಲಿ ಊರು ಬಿಡುವಲ್ಲಿಗೇ. ಆ ಅನುವಾದವನ್ನಷ್ಟೇ ಓದಿದವರು ಚಿತ್ರವನ್ನು ಹೋಲಿಸುತ್ತಿರುವುದು ಪೂರ್ಣ ಕೃತಿಯೊಂದಿಗೆ ಅಲ್ಲ. ಜೊತೆಗೆ, ನಾವು ನೋಡಿದ್ದು ಬಿಭೂತಿಭೂಷಣರ ಬಂಗಾಳಿಯಲ್ಲ, ಆದರೆ ರಾಯ್ ಅವರ ಚಿತ್ರ ಮಾತ್ರ ಪೂರ್ತಿ ಅವರದೇ. ಅನುವಾದವನ್ನು ಚಿತ್ರದೊಂದಿಗೆ ತೂಗುವಾಗ ತಕ್ಕಡಿ ಮೊದಲೇ ಒಂದು ಕಡೆಗೆ ವಾಲಿರುತ್ತದೆ ಎಂಬುದನ್ನು ತರಗತಿಗೆ ಹೇಳಬೇಕು.

ಮೂರನೆಯದಾಗಿ, ನನ್ನ ಅಭಿಪ್ರಾಯವನ್ನೂ ಕೊನೆಯ ದಿನ ಕೇಳಿದರು. ಕಟ್ಟಡದಲ್ಲಿ ಚಿತ್ರ ಮೇಲು, ಕಾದಂಬರಿಯ ಹರಹನ್ನು ಸುಮಾರು ಎರಡು ಗಂಟೆಯಲ್ಲಿ ಹಿಡಿದ ರೀತಿಯಲ್ಲಿ ಅದು ಮೂಲವನ್ನು ಮೀರಿದೆ ಎಂದೆ. ಮಗುವಿನ ಮನಸ್ಸಿನ ಬೆಳವಣಿಗೆಯಲ್ಲಿ ಪುಸ್ತಕ ಮುಂದಿದೆ ಎಂದೆ. ‘ಹಾಗಾದರೆ ಎರಡೂ ಸಮ ಎಂದು ಜಾರಿಕೊಂಡಿರಿ’ ಎಂದರು ಒಬ್ಬರು. ಇಲ್ಲ. ಎಲ್ಲಿ, ಯಾವುದರಲ್ಲಿ ಎಂದು ಹೇಳಿದ್ದೇನೆ. ಜಾರಿಕೊಳ್ಳುವವನು ಅದನ್ನು ಹೇಳುವುದಿಲ್ಲ.

ಶಾಲೆಯಲ್ಲಿ ಅಳವಡಿಕೆ

ಪ್ರೌಢಶಾಲೆಯಲ್ಲಿ ಕನ್ನಡದ ಉದಾಹರಣೆಗಳನ್ನೇ ಬಳಸಬಹುದು. ಶಿವರಾಮ ಕಾರಂತರ ‘ಚೋಮನ ದುಡಿ’ 1933ರ ಕಾದಂಬರಿ, ಬಿ.ವಿ. ಕಾರಂತರ ಚಿತ್ರ 1975ರದು. ಪುಟದಲ್ಲಿ ನಾವು ಊಹಿಸಿಕೊಳ್ಳುವ ದುಡಿಯ ಸದ್ದು ಚಿತ್ರದಲ್ಲಿ ಕಿವಿಗೆ ಬೀಳುತ್ತದೆ. ಆ ಒಂದು ವ್ಯತ್ಯಾಸವೇ ಒಂದು ಅವಧಿಗೆ ಸಾಕು. ತೇಜಸ್ವಿಯವರ ‘ತಬರನ ಕಥೆ’ ಚಿಕ್ಕದಾದ್ದರಿಂದ ತರಗತಿಯಲ್ಲೇ ಓದಿ ಮುಗಿಸಬಹುದು. ಗಿರೀಶ ಕಾಸರವಳ್ಳಿಯವರ ಚಿತ್ರದಿಂದ ಒಂದು ದೃಶ್ಯವನ್ನು ಮಾತ್ರ ಆರಿಸಿ. ಇಡೀ ಚಿತ್ರ ತೋರಿಸಿ ಅವಧಿಗಳನ್ನು ತುಂಬಿಸುವುದು ಬೋಧನೆಯಲ್ಲ, ಓದಿಗೆ ಬದಲಿಯಾಗಿ ಚಿತ್ರ ತೋರಿಸುವುದಂತೂ ಅಲ್ಲವೇ ಅಲ್ಲ. ಮಕ್ಕಳು ಓದಿದ್ದಾರೆಂದು ಖಚಿತವಾದ ಮೇಲಷ್ಟೇ ದೃಶ್ಯ ತೋರಿಸಿ.

ಮೌಲ್ಯಮಾಪನ

‘ಯಾವುದು ಉತ್ತಮ?’ ಎಂಬ ಪ್ರಶ್ನೆಗೆ ಅಂಕ ಬೇಡ. ಬದಲಿಗೆ ಕೆಳಗಿನವುಗಳನ್ನು ಕೇಳಬಹುದು:

1. ಪುಟದಲ್ಲಿದ್ದು ತೆರೆಯಲ್ಲಿ ಇಲ್ಲದ ಒಂದು ಸಂಗತಿಯನ್ನು ಗುರುತಿಸಿ. ಅದು ಹೋದದ್ದರಿಂದ ಏನು ನಷ್ಟವಾಯಿತು?
2. ತೆರೆಯಲ್ಲಿ ಹೊಸದಾಗಿ ಸೇರಿದ ಒಂದು ಸಂಗತಿ ಯಾವುದು? ಅದನ್ನು ಬರೆದು ತೋರಿಸಲು ಸಾಧ್ಯವಿತ್ತೇ?
3. ನೀವೇ ನಿರ್ದೇಶಕರಾಗಿದ್ದರೆ ಏನನ್ನು ಬದಲಿಸುತ್ತಿರಲಿಲ್ಲ? ಏಕೆ?

ಪ್ರತಿ ಉತ್ತರಕ್ಕೂ ಆಧಾರಕ್ಕೆ ಅಂಕ, ನಿಲುವಿಗೆ ಅಲ್ಲ.

ಕಳೆದ ಅವಧಿಯ ಬೋಧನಾಭ್ಯಾಸಕ್ಕೆ ಹೊರಡುವ ಮುನ್ನ ಈ ತಂಡದ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಹಳೆಯ ವೀಕ್ಷಣಾ ಟಿಪ್ಪಣಿಯನ್ನು ಓದಿ ಹೇಳಿದೆ. ಆ ಜಾಗದಲ್ಲಿ ಏನು ಬರೆಯಬೇಕಿತ್ತು ಎಂದು ಕೇಳಿದೆ. ಅವರು ಹೇಳಿದ್ದನ್ನೇ ಈಗ ಆ ಸಾಲಿನ ಕೆಳಗೆ ಬರೆದಿಟ್ಟುಕೊಂಡಿದ್ದೇನೆ: ‘ಹುಡುಗನಿಗೆ ಯಾಕೆ ಎಂದು ಕೇಳಬೇಕಿತ್ತು. ಎರಡು ನಿಮಿಷ ಉಳಿದಿತ್ತು.’