ನಮ್ಮ ವಾರ್ಡಿನ ಸಭೆ

ಬೆಂಗಳೂರಿನ ಪೂರ್ವದ ಅಂಚಿನಲ್ಲಿ ವೈಟ್‌ಫೀಲ್ಡ್ ಎಂಬ ಊರಿದೆ. 1882ರಲ್ಲಿ ಮೈಸೂರಿನ ಮಹಾರಾಜರಾದ ಹತ್ತನೆಯ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ ಸಮುದಾಯದವರ ವ್ಯವಸಾಯಕ್ಕಾಗಿ ಸುಮಾರು 3,900 ಎಕರೆ ಭೂಮಿಯನ್ನು ಕೊಟ್ಟಾಗ ಹುಟ್ಟಿಕೊಂಡ ನೆಲೆ ಇದು. ಆ ಸಮುದಾಯದ ಮುಖಂಡರಾಗಿದ್ದ ಡಿ. ಎಸ್. ವೈಟ್ ಎಂಬವರ ಹೆಸರೇ ಊರಿಗೆ ನಿಂತಿತು. ಅದರ ಸುತ್ತಲೂ ಹೂಡಿ, ಕುಂದಲಹಳ್ಳಿ, ವರ್ತೂರು, ಕಾಡುಗೋಡಿ ಮೊದಲಾದ ಹಳ್ಳಿಗಳಿದ್ದುವು. ಹಳ್ಳಿಯಿಂದ ಹಳ್ಳಿಗೆ ಎತ್ತಿನ ಗಾಡಿಯ ದಾರಿಗಳಿದ್ದುವು. ಎದುರಿನಿಂದ ಇನ್ನೊಂದು ಗಾಡಿ ಬಂದರೆ ಒಬ್ಬರು ಹೊಲದ ಬದುವಿಗೆ ಇಳಿಸಿ ದಾರಿ ಬಿಡುತ್ತಿದ್ದರು. 1990ರ ದಶಕದಲ್ಲಿ ಇಲ್ಲಿ ಮಾಹಿತಿ ತಂತ್ರಜ್ಞಾನದ ದೊಡ್ಡ ದೊಡ್ಡ ಕಟ್ಟಡಗಳು ಎದ್ದುವು. 2023ರ ಮಾರ್ಚಿಯಲ್ಲಿ ಮೆಟ್ರೋ ರೈಲು ಕಾಡುಗೋಡಿಯವರೆಗೂ ಬಂದಿತು. ಆದರೆ ಒಳಗಿನ ಅನೇಕ ದಾರಿಗಳು ಡಾಂಬರು ಹೊದ್ದುಕೊಂಡವೇ ಹೊರತು ಅಗಲವಾಗಲಿಲ್ಲ. ಗಾಡಿಯ ದಾರಿಯಲ್ಲಿ ಈಗ ಕಂಪನಿಯ ಬಸ್ಸು, ನೀರಿನ ಟ್ಯಾಂಕರು, ಜಲ್ಲಿಯ ಲಾರಿ, ಶಾಲೆಯ ಮಕ್ಕಳು ಎಲ್ಲರೂ ಒಟ್ಟಿಗೆ ಸಾಗಬೇಕಾಗಿದೆ.

ನಾನು ಪಾಠ ಹೇಳುತ್ತಿದ್ದ ಶಾಲೆ ಇಂಥದೊಂದು ದಾರಿಯ ಮಗ್ಗುಲಲ್ಲಿದೆ. 2018ರಲ್ಲಿ ನಾನು ನಿವೃತ್ತನಾದೆನು. ಅದರ ಮರುವರ್ಷ, ಎಂಟನೆಯ ತರಗತಿಯ ಬಾಲಕಿಯೊಬ್ಬಳು ಸಂಜೆ ಶಾಲೆ ಬಿಟ್ಟ ಮೇಲೆ ದಾರಿ ದಾಟುತ್ತಿದ್ದಾಗ ಟ್ಯಾಂಕರು ತಗುಲಿ ಕಾಲು ಮುರಿದುಕೊಂಡಳು. ಪ್ರಾಣಕ್ಕೆ ಅಪಾಯವಾಗಲಿಲ್ಲವೆಂಬುದೊಂದೇ ಸಮಾಧಾನ. ಊರಿನವರು ಸಿಟ್ಟಾದರು. ಸಿಟ್ಟಾದವರು ಆ ರಾತ್ರಿಯೇ ಕಲ್ಲು ಸಿಮೆಂಟು ತಂದು, ಶಾಲೆಯ ಮುಂದೆ ದಾರಿಗಡ್ಡಲಾಗಿ ಒಂದು ಉಬ್ಬನ್ನು ಕಟ್ಟಿದರು. ಜನರ ಬಾಯಲ್ಲಿ ಇದಕ್ಕೆ ಹಂಪು ಎಂದು ಹೆಸರು. ನಾನೂ ಅಲ್ಲಿ ನಿಂತು ಲಾಟೀನು ಹಿಡಿದಿದ್ದೆನೆಂಬುದನ್ನು ಮರೆಮಾಚಲಾರೆ.

ಎರಡು ವಾರ ಕಳೆಯಲಿಲ್ಲ. ನಸುಕಿನಲ್ಲಿ ಹಾಲು ಹಾಕಲು ಹೊರಟಿದ್ದ ಯುವಕನೊಬ್ಬನು ಆ ಉಬ್ಬನ್ನು ಕಾಣದೆ ಬಂದು, ಬೈಕಿನಿಂದ ಎಗರಿ ಬಿದ್ದು ಭುಜ ಮುರಿದುಕೊಂಡನು. ಅಲ್ಲಿ ಬೀದಿದೀಪವಿರಲಿಲ್ಲ, ಉಬ್ಬಿಗೆ ಬಿಳಿಯ ಪಟ್ಟೆಯೂ ಇರಲಿಲ್ಲ. ಒಂದು ಮಗುವಿನ ಕಾಲಿಗಾಗಿ ನಾವು ಮಾಡಿದ ಕೆಲಸ ಇನ್ನೊಬ್ಬ ತಾಯಿಯ ಮಗನ ಭುಜಕ್ಕೆ ಬಂದಿತು.

ರಸ್ತೆಯ ಉಬ್ಬಿಗೂ ಒಂದು ಲೆಕ್ಕವಿದೆಯೆಂದು ನಾನು ತಿಳಿದುದು ಆ ಬಳಿಕ. 1934ರಲ್ಲಿ ಸ್ಥಾಪನೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸು ಎಂಬ ಸಂಸ್ಥೆ ನಮ್ಮ ದೇಶದ ರಸ್ತೆಗಳಿಗೆ ಬೇಕಾದ ಅಳತೆಗಳನ್ನು ಗೊತ್ತುಪಡಿಸುತ್ತದೆ. ಅದು ಹೇಳುವ ಉಬ್ಬು 3.7 ಮೀಟರು ಅಗಲ, ನಡುವಿನಲ್ಲಿ 10 ಸೆಂಟಿಮೀಟರು ಎತ್ತರ. ಎಂದರೆ, ಮಲಗಿದ ಬಿಲ್ಲಿನಂತೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯಬೇಕು. ಗಂಟೆಗೆ 25 ಕಿಲೋಮೀಟರಿನಂತೆ ಬಂದವನಿಗೆ ಅದರಿಂದ ತೊಂದರೆಯಿಲ್ಲ, ವೇಗವಾಗಿ ಬಂದವನಿಗೆ ಮಾತ್ರ ಅದು ಕುಲುಕುತ್ತದೆ. ಅದರ ಮೇಲೆ ಪಟ್ಟೆ ಬಳಿದಿರಬೇಕು, ಮುಂಚಿತವಾಗಿ ಎಚ್ಚರಿಕೆಯ ಫಲಕವಿರಬೇಕು. ನಾವು ಕಟ್ಟಿದುದಾದರೋ ಒಂದು ಮೊಳ ಅಗಲದ ಗೋಡೆ! ಮೆಲ್ಲಗೆ ಬಂದವನನ್ನೂ ಅದು ಬಿಡುತ್ತಿರಲಿಲ್ಲ.

ಸರಿಯಾದ ಉಬ್ಬನ್ನು ಯಾರಿಂದ ಮಾಡಿಸಬೇಕು? ಈ ಪ್ರಶ್ನೆ ಹಿಡಿದು ನಾನು ಒಂದು ತಿಂಗಳು ಅಲೆದೆನು. ಡಾಂಬರು ನಗರ ಪಾಲಿಕೆಯದು. ಅದರ ಕೆಳಗಿನ ಕೊಳವೆ ಜಲಮಂಡಳಿಯದು. ಪಕ್ಕದ ಕಂಬ ವಿದ್ಯುತ್ ಕಂಪನಿಯದು. ಕಂಬದ ಮೇಲಿನ ದೀಪ ಮತ್ತೆ ಪಾಲಿಕೆಯದು. ಉಬ್ಬು ಹಾಕಲು ಸಂಚಾರ ಪೊಲೀಸರ ಒಪ್ಪಿಗೆ ಬೇಕು. ನಾನು ಹೋದ ಕಚೇರಿಗಳಲ್ಲಿ ಯಾರೂ ಒರಟಾಗಿ ಮಾತನಾಡಲಿಲ್ಲ. ಎಲ್ಲರೂ ವಿನಯದಿಂದ ಮತ್ತೊಂದು ಕಚೇರಿಯ ದಾರಿ ತೋರಿಸಿದರು. ಕೊನೆಗೆ ಒಬ್ಬ ಗುಮಾಸ್ತರು, “ಮೇಷ್ಟ್ರೇ, ತಿಂಗಳ ಮೊದಲನೆಯ ಶನಿವಾರ ವಾರ್ಡ್ ಸಮಿತಿಯ ಸಭೆ ನಡೆಯುತ್ತದೆ. ಅಲ್ಲಿ ಹೇಳಿ ನೋಡಿ” ಎಂದರು. ನಲವತ್ತು ವರ್ಷ ಈ ಊರಿನಲ್ಲಿದ್ದು, ಪೌರನೀತಿಯನ್ನು ಮಕ್ಕಳಿಗೆ ಬೋಧಿಸಿದ ನನಗೆ ಅಂಥ ಸಭೆಯೊಂದಿರುವುದು ಗೊತ್ತಿರಲಿಲ್ಲ.

ಈ ಸಮಿತಿ ಎಲ್ಲಿಂದ ಬಂದಿತು ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಬೆಂಗಳೂರಿನಲ್ಲಿ ಪುರಸಭೆ ಆರಂಭವಾದುದು 1862ರಲ್ಲಿ. ಊರಿನ ಒಂಬತ್ತು ಮಂದಿ ಪ್ರಮುಖರು ಕುಳಿತು ಚರಂಡಿ, ಬೀದಿಗಳ ವಿಚಾರ ನೋಡಿಕೊಳ್ಳುತ್ತಿದ್ದರು. ಆಗಿನ ಊರಿಗೆ ಅಷ್ಟು ಸಾಕಾಗಿದ್ದಿರಬಹುದು. 1949ರಲ್ಲಿ ನಗರ ಮತ್ತು ದಂಡುಪ್ರದೇಶದ ಪುರಸಭೆಗಳು ಸೇರಿ ನಗರ ಪಾಲಿಕೆಯಾಯಿತು. 2007ರಲ್ಲಿ ಮಹದೇವಪುರ, ಕೃಷ್ಣರಾಜಪುರ, ದಾಸರಹಳ್ಳಿ, ಬೊಮ್ಮನಹಳ್ಳಿ ಮುಂತಾದ ಏಳು ನಗರಸಭೆಗಳನ್ನೂ ಕೆಂಗೇರಿ ಪುರಸಭೆಯನ್ನೂ 110 ಹಳ್ಳಿಗಳನ್ನೂ ಕೂಡಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. ಅದಕ್ಕೆ 198 ವಾರ್ಡುಗಳು. 2011ರ ಜನಗಣತಿಯಲ್ಲಿ ಅದರ ಜನಸಂಖ್ಯೆ ಸುಮಾರು 84 ಲಕ್ಷ. ಭಾಗಿಸಿ ನೋಡಿದರೆ, ಒಬ್ಬ ಪಾಲಿಕೆಯ ಸದಸ್ಯನ ಪಾಲಿಗೆ 42,000ಕ್ಕೂ ಹೆಚ್ಚು ಜನ. ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಗ್ರಾಮ ಪಂಚಾಯಿತಿಯಲ್ಲಿ 400 ಜನರಿಗೆ ಒಬ್ಬ ಸದಸ್ಯನಿರುತ್ತಾನೆ. ಹಳ್ಳಿಯವನು ತನ್ನ ಸದಸ್ಯನನ್ನು ಅರಳಿಕಟ್ಟೆಯಲ್ಲೇ ಹಿಡಿದು ಕೇಳಬಲ್ಲನು. ಹಳ್ಳಿ ನಗರಕ್ಕೆ ಸೇರಿದ ದಿನವೇ ಆ ಅವಕಾಶ ನೂರು ಪಾಲು ದೂರ ಹೋಯಿತು. ಇದನ್ನು ಯಾರೂ ನಮಗೆ ಹೇಳಿರಲಿಲ್ಲ.

ಈ ದೂರವನ್ನು ಕಡಿಮೆ ಮಾಡುವುದಕ್ಕಾಗಿಯೇ ಸಂವಿಧಾನದ 74ನೆಯ ತಿದ್ದುಪಡಿ, ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ಜನವಿರುವ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ವಿಧಿಸಿತು. ಆ ತಿದ್ದುಪಡಿ ಜಾರಿಗೆ ಬಂದುದು 1993ರಲ್ಲಿ. ಬೆಂಗಳೂರಿನ ವಾರ್ಡ್ ಸಮಿತಿಗಳಿಗೆ ಆಗಿನ ರೂಪ ಕೊಟ್ಟ ನಿಯಮಗಳು ಬಂದುದು 2016ರಲ್ಲಿ. ಅವು ನಿಜವಾಗಿ ಕೂಡಲು ಉಚ್ಚ ನ್ಯಾಯಾಲಯ ಮತ್ತೆ ಮತ್ತೆ ಎಚ್ಚರಿಸಬೇಕಾಯಿತು. ಆ ನಿಯಮಗಳ ಪ್ರಕಾರ ಪಾಲಿಕೆಯ ಸದಸ್ಯರೇ ಸಮಿತಿಗೆ ಅಧ್ಯಕ್ಷರಾಗಿದ್ದರು. ಜೊತೆಗೆ ಹತ್ತು ಮಂದಿ ಸದಸ್ಯರು; ಅವರಲ್ಲಿ ಮೂವರಾದರೂ ಮಹಿಳೆಯರು, ಇಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರಾದರೂ ನಿವಾಸಿಗಳ ಸಂಘದವರು ಇರಬೇಕಾಗಿತ್ತು. ತಿಂಗಳಿಗೊಮ್ಮೆ ಸಭೆ.

ನಾನು ಹೋದ ಮೊದಲ ಸಭೆ ಸಣ್ಣದೊಂದು ಕೊಠಡಿಯಲ್ಲಿ ನಡೆಯಿತು. ಇಪ್ಪತ್ತು ಮೂವತ್ತು ಜನರಿದ್ದರು. ಬಹುಮಹಡಿ ಕಟ್ಟಡಗಳ ನಿವಾಸಿಗಳು ಇಂಗ್ಲಿಷಿನಲ್ಲಿ ಪಟ್ಟಿ ಬರೆದು ತಂದಿದ್ದರು. ಮನೆಗೆಲಸಕ್ಕೆ ಹೋಗುವ ಒಬ್ಬ ತಾಯಿ ಬಾಗಿಲ ಬಳಿ ನಿಂತಿದ್ದಳು. ಅಧ್ಯಕ್ಷರು, “ಒಳಗೆ ಬಾರಮ್ಮ, ಕೂತುಕೊಂಡು ಹೇಳು” ಎಂದ ಮೇಲೆ ಆಕೆ, “ರಾತ್ರಿ ಎಂಟಾದ ಮೇಲೆ ಕೆರೆ ಏರಿಯ ದಾರಿಯಲ್ಲಿ ದೀಪ ಇಲ್ಲ ಸ್ವಾಮಿ, ಮೂರನೇ ಕಂಬದಿಂದ ಆರನೇ ಕಂಬದ ತನಕ” ಎಂದಳು. ಎಂಜಿನಿಯರರು ಅದನ್ನು ಹಾಗೆಯೇ ಬರೆದುಕೊಂಡರು. ಆ ದೀಪಗಳು ಹದಿನೈದು ದಿನಗಳಲ್ಲಿ ಬೆಳಗಿದುವು. ನಾನು ಎದ್ದು ನಿಂತು ಶಾಲೆಯ ಮಕ್ಕಳ ಪ್ರಾಣ, ಸಮಾಜದ ಹೊಣೆ ಎಂದು ಹತ್ತು ನಿಮಿಷ ಮಾತನಾಡಿದೆನು. ಜನರು ಚಪ್ಪಾಳೆಯನ್ನೂ ತಟ್ಟಿದರು. ಎಂಜಿನಿಯರರು ಲೇಖನಿ ಹಿಡಿದು ಕಾದು, “ಸರಿ ಸಾರ್, ಏನೆಂದು ಬರೆಯಲಿ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಕಂಬವನ್ನು ಎಣಿಸಿ ಬಂದಿದ್ದ ಆ ತಾಯಿ ನನಗಿಂತ ಒಳ್ಳೆಯ ಪಾಠ ಹೇಳಿದ್ದಳು.

ಮುಂದಿನ ಶನಿವಾರಕ್ಕೆ ಮುನ್ನ, ಶಾಲೆಗೆ ಬಿಡುವಿದ್ದ ಒಂದು ದಿನ, ಒಂಬತ್ತನೆಯ ತರಗತಿಯ ಆರು ಮಂದಿ ಮಕ್ಕಳನ್ನು ಅವರ ತಂದೆತಾಯಿಗಳೊಡನೆ ಕರೆದುಕೊಂಡು ಅಳತೆಯ ಟೇಪು ಹಿಡಿದು ಹೊರಟೆನು. ದಾರಿಯ ಅಗಲ 7 ಮೀಟರು. ಶಾಲೆಯ ಗೇಟಿನಿಂದ ಎಡಕ್ಕೆ 60 ಮೀಟರಿಗೆ ಒಂದು ತಿರುವು. ಅದರಾಚೆಗೆ ಬರುವ ವಾಹನ ಗೇಟಿನಲ್ಲಿ ನಿಂತವರಿಗೆ ಕಾಣುವುದಿಲ್ಲ. ಪುಸ್ತಕದ ಚೀಲ ಹೊತ್ತ ಮಗು ಸೆಕೆಂಡಿಗೆ ಒಂದು ಮೀಟರಿನಂತೆ ನಡೆದರೆ ದಾರಿ ದಾಟಲು 7 ಸೆಕೆಂಡು ಬೇಕು. ಗಂಟೆಗೆ 50 ಕಿಲೋಮೀಟರಿನಂತೆ ಬರುವ ಟ್ಯಾಂಕರು ಸೆಕೆಂಡಿಗೆ ಸುಮಾರು 14 ಮೀಟರು, ಅಂದರೆ ಆ 7 ಸೆಕೆಂಡುಗಳಲ್ಲಿ ಸುಮಾರು 98 ಮೀಟರು ಸಾಗುತ್ತದೆ. ಮಗು ಎರಡೂ ಕಡೆ ಚೆನ್ನಾಗಿ ನೋಡಿ, ದಾರಿ ಬರಿದಾಗಿದೆಯೆಂದು ಖಚಿತಪಡಿಸಿಕೊಂಡು ಕಾಲಿಟ್ಟರೂ, ತಿರುವಿನ ಹಿಂದಿನಿಂದ ಬಂದ ವಾಹನ ಅದು ದಾಟಿ ಮುಗಿಸುವುದರೊಳಗೆ ಮೇಲೆ ಬಂದಿರುತ್ತದೆ. ಈ ಲೆಕ್ಕವನ್ನು ಮಾಡಿ ತೋರಿಸಿದ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅವಳು ನೋಡಿಯೇ ದಾಟಿದ್ದಳು, ಸಾರ್” ಎಂದನು. ಅಪಘಾತವಾದಂದಿನಿಂದ ಊರೆಲ್ಲ ಆ ಹುಡುಗಿಯನ್ನು ಅಜಾಗರೂಕಳೆಂದು ಹಳಿಯುತ್ತಿದ್ದಿತು. ನಾನೂ ಮನಸ್ಸಿನಲ್ಲಿ ಹಾಗೆಂದುಕೊಂಡಿದ್ದೆನು.

ಅದೇ ವಾಹನ ಗಂಟೆಗೆ 25 ಕಿಲೋಮೀಟರಿನಂತೆ ಬಂದರೆ 7 ಸೆಕೆಂಡುಗಳಲ್ಲಿ ಕ್ರಮಿಸುವುದು 49 ಮೀಟರು ಮಾತ್ರ. 60ಕ್ಕೆ ಅದು ಕಡಿಮೆ. ಆದ್ದರಿಂದ ಉಬ್ಬು ಬೇಕಾಗಿದ್ದುದು ನಾವು ಕಟ್ಟಿದಂತೆ ಗೇಟಿನ ಎದುರಿಗಲ್ಲ, ತಿರುವಿನ ಬಳಿ. ಮಕ್ಕಳು ಒಂದು ಹಾಳೆಯ ಮೇಲೆ ನಕ್ಷೆ ಬರೆದರು. ಎರಡನೆಯ ಸಭೆಯಲ್ಲಿ ನಾನು ಎರಡೇ ನಿಮಿಷ ಮಾತನಾಡಿ ಹಾಳೆಯನ್ನು ಮುಂದಿಟ್ಟೆನು. ಎಂಜಿನಿಯರರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ನಡಾವಳಿಯ ಪುಸ್ತಕದಲ್ಲಿ ಸ್ಥಳ, ಅಳತೆ, ಕೆಲಸ, ಹೊಣೆಗಾರರು ಎಂದು ನಾಲ್ಕು ಸಾಲು ಬರೆದರು.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದು ತಿಳಿಯಬೇಡಿ. ಪಾದಚಾರಿ ಮಾರ್ಗದ ಮಾತು ಬಂದಾಗ ಅಂಗಡಿಯವರು ಎದ್ದು ನಿಂತರು. “ಮೇಷ್ಟ್ರೇ, ನಮ್ಮ ಮಕ್ಕಳೂ ನಿಮ್ಮ ಶಾಲೆಯಲ್ಲೇ ಓದಿದ್ದು. ಮೆಟ್ಟಿಲು ಒಡೆದರೆ ಅಂಗಡಿಗೆ ಹತ್ತುವುದು ಹೇಗೆ?” ಎಂದರು. ಅವರ ಪ್ರಶ್ನೆಯಲ್ಲಿ ನ್ಯಾಯವಿತ್ತು. ಪಾದಚಾರಿ ಮಾರ್ಗ ಕನಿಷ್ಠ 1.8 ಮೀಟರಾದರೂ ತೆರವಾಗಿರಬೇಕೆಂದು ರಸ್ತೆ ಕಾಂಗ್ರೆಸ್ಸು ಹೇಳುತ್ತದೆ. ಅಷ್ಟು ಜಾಗ ಆ ದಾರಿಯಲ್ಲಿ ಹುಟ್ಟಬೇಕಾದರೆ ಯಾರಾದರೂ ಏನನ್ನಾದರೂ ಬಿಟ್ಟುಕೊಡಬೇಕು. ಮೂರು ತಿಂಗಳು ಅದೇ ಚರ್ಚೆಯಾಯಿತು. ಒಂದು ಸಭೆಗೆ ಅಧ್ಯಕ್ಷರೇ ಬರಲಿಲ್ಲ. ಇನ್ನೊಂದಕ್ಕೆ ಬಂದವರು ನಾವು ನಾಲ್ವರೇ. ಆದರೂ ಪ್ರತಿ ಬಾರಿ ಹಿಂದಿನ ನಡಾವಳಿಯನ್ನು ಓದಿಯೇ ಸಭೆ ಆರಂಭವಾಗುತ್ತಿದ್ದುದರಿಂದ, ‘ಉಬ್ಬು: ಆಗಿಲ್ಲ’ ಎಂಬ ಸಾಲನ್ನು ಎಂಜಿನಿಯರರು ತಮ್ಮ ಬಾಯಿಂದಲೇ ಓದಬೇಕಾಗುತ್ತಿತ್ತು. ನಾಲ್ಕನೆಯ ಬಾರಿ ಹಾಗೆ ಓದಬೇಕಾಗಿ ಬರಲಿಲ್ಲ. ಹಳೆಯ ಗೋಡೆಯನ್ನು ಒಡೆದು, ತಿರುವಿನಲ್ಲಿ ಪಟ್ಟೆ ಬಳಿದ ಉಬ್ಬೂ ಅದರ ಮೇಲೊಂದು ದೀಪವೂ ಬಂದಿದ್ದುವು.

ಬೆಂಗಳೂರಿನ ಅಂಚೆಲ್ಲ ಒಂದೇ ಬಗೆಯಲ್ಲಿ ನಡೆಯುತ್ತಿಲ್ಲ. ದಕ್ಷಿಣದಲ್ಲಿ, 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗ ಅವರು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಗಳಲ್ಲಿ ಕಟ್ಟಲು ಹೊರಟ ಎಲೆಕ್ಟ್ರಾನಿಕ್ ಸಿಟಿಗೆ 2013ರಿಂದ ತನ್ನದೇ ಕೈಗಾರಿಕಾ ನಗರ ಪ್ರಾಧಿಕಾರವಿದೆ. ಅಲ್ಲಿ ತೆರಿಗೆ ಸಂಗ್ರಹಿಸುವುದೂ ರಸ್ತೆ ದೀಪಗಳನ್ನು ನೋಡಿಕೊಳ್ಳುವುದೂ ಆ ಪ್ರಾಧಿಕಾರವೇ. ಅಲ್ಲಿನ ರಸ್ತೆಗಳು ಅಚ್ಚುಕಟ್ಟಾಗಿವೆ. ನಾನು ನೋಡಿ ಮೆಚ್ಚಿದ್ದೇನೆ. ಆದರೆ ಗಡಿಯನ್ನು ದಾಟಿ ಪಕ್ಕದ ಹಳ್ಳಿಗೆ ಕಾಲಿಟ್ಟೊಡನೆ ರಸ್ತೆ ಬದಲಾಗುತ್ತದೆ. ಕಾರ್ಖಾನೆಗೆ ನಡೆದು ಬರುವ ಕಾರ್ಮಿಕನು ಎರಡೂ ರಸ್ತೆಗಳನ್ನು ತುಳಿಯುತ್ತಾನೆ. ಅವನ ದೂರನ್ನು ಬರೆದುಕೊಳ್ಳುವವರು ಯಾರು? ವಾಯವ್ಯದ ಪೀಣ್ಯದಲ್ಲಿ ಸಾವಿರಾರು ಸಣ್ಣ ಕಾರ್ಖಾನೆಗಳಿವೆ. ಅಲ್ಲಿನ ಹೆದ್ದಾರಿಯ ಮೇಲುಸೇತುವೆಯ ಕೇಬಲ್ಲುಗಳಲ್ಲಿ ದೋಷ ಕಂಡುಬಂದು, 2021ರ ಡಿಸೆಂಬರಿನಲ್ಲಿ ಅದನ್ನು ಮುಚ್ಚಿದಾಗ ವಾಹನಗಳೆಲ್ಲ ಕೆಳಗಿನ ರಸ್ತೆಗೆ ಇಳಿದುವು. ಅಂಥ ಕೆಲಸ ವಾರ್ಡ್ ಸಮಿತಿಯ ಕೈಗೆ ಮೀರಿದ್ದು. ಆದರೆ ಕೆಳಗಿನ ರಸ್ತೆಯಲ್ಲಿ ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳು ಎಲ್ಲಿ ದಾಟಬೇಕು ಎಂಬುದು ಅದರ ಕೈಗೆ ಮೀರಿದ್ದಲ್ಲ.

2020ರ ಸೆಪ್ಟೆಂಬರ್ 10ಕ್ಕೆ ಚುನಾಯಿತ ಪಾಲಿಕೆಯ ಅವಧಿ ಮುಗಿಯಿತು. ಅದಾದ ಮೇಲೆ ಚುನಾವಣೆ ನಡೆಯದೆ ವರ್ಷಗಳು ಕಳೆದುವು. ಸಭೆಗಳನ್ನು ನಡೆಸಲು ವಾರ್ಡಿಗೊಬ್ಬ ಅಧಿಕಾರಿಯನ್ನು ನೇಮಿಸಿದರು. ಕೆಲವು ಕಡೆ ಸಭೆಗಳು ನಡೆದುವು, ಕೆಲವು ಕಡೆ ನಿಂತುವು. 2025ರ ಸೆಪ್ಟೆಂಬರಿನಲ್ಲಿ ಬೃಹತ್ ಪಾಲಿಕೆಯೇ ಹೋಗಿ, ಅದರ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದುವು. ನಮ್ಮ ಭಾಗ ಬೆಂಗಳೂರು ಪೂರ್ವಕ್ಕೆ ಸೇರಿತು. ಕಚೇರಿಯ ನಾಮಫಲಕ ಬದಲಾಯಿತು.

ಕಳೆದ ಬಾರಿ ನಾನು ಅಲ್ಲಿಗೆ ಹೋದಾಗ, ಪಾದಚಾರಿ ಮಾರ್ಗದ ವಿಷಯವನ್ನು ಮುಂದಿನ ಸಭೆಗೆ ಇರಿಸಲಾಗಿದೆಯೆಂಬ 2019ರ ನಡಾವಳಿಯ ನಕಲನ್ನು ಜೊತೆಗೆ ಒಯ್ದಿದ್ದೆನು. ಹೊಸದಾಗಿ ಬಂದಿದ್ದ ಎಂಜಿನಿಯರರು ಚಿಕ್ಕ ವಯಸ್ಸಿನವರು. ಹಾಳೆಯನ್ನು ಓದಿ, “ಅಳತೆ ಈಗಲೂ ಇಷ್ಟೇ ಇದೆಯೆ, ಮೇಷ್ಟ್ರೇ?” ಎಂದರು. ಮರುದಿನ ಬೆಳಿಗ್ಗೆ ಇಬ್ಬರೂ ಟೇಪು ಹಿಡಿದು ಹೋದೆವು. ಒಂದು ಕಡೆ ಇನ್ನೊಂದು ಕಂಬ ಬಂದು ಜಾಗ ಕಿರಿದಾಗಿತ್ತು. ಹಳೆಯ ಅಂಗಡಿಯವರು ಹೊರಗೆ ಬಂದು ನೋಡಿ, ಟೇಪಿನ ಇನ್ನೊಂದು ತುದಿಯನ್ನು ತಾವೇ ಹಿಡಿದುಕೊಂಡರು.