ಹಂಚುವ ಮೊದಲು ಒಮ್ಮೆ ದಿಟ್ಟಿಸಿ

ದಸರಾ ಹತ್ತಿರ ಬಂದಂತೆ ಮೊಬೈಲಿನಲ್ಲಿ ‘ಹಳೇ ಮೈಸೂರಿನ ಅಪರೂಪದ ಫೋಟೊ’ಗಳು ಸಾಲುಗಟ್ಟುತ್ತವೆ. ಅವುಗಳಲ್ಲಿ ಕೃತಕ ಬುದ್ಧಿಮತ್ತೆ ಸೃಷ್ಟಿಸಿದವೂ ಸೇರಿರುತ್ತವೆ. ನೋಡಿದೊಡನೆ ಮನೆಯವರ ಗ್ರೂಪಿಗೆ ಕಳಿಸಬೇಡಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಿ.

ಮೊದಲು ಇಸವಿ ಗಮನಿಸಿ. ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾದದ್ದು 1897ರಲ್ಲಿ. ಹೆನ್ರಿ ಇರ್ವಿನ್ ವಿನ್ಯಾಸದ ಈಗಿನ ಅರಮನೆ ಪೂರ್ಣಗೊಂಡದ್ದು 1912ರಲ್ಲಿ. ‘1880ರ ದಸರಾ’ ಎನ್ನುವ ಚಿತ್ರದಲ್ಲಿ ಇಂದಿನ ಗುಮ್ಮಟಗಳು ಕಂಡರೆ ಅದು ಸುಳ್ಳೇ. ಆನೆಯನ್ನೂ ನೋಡಿ: 2020ರಿಂದ 2025ರವರೆಗೆ ಜಂಬೂಸವಾರಿಯಲ್ಲಿ ಚಿನ್ನದ ಅಂಬಾರಿ ಹೊತ್ತವನು ಅಭಿಮನ್ಯು, 2019ರಲ್ಲಿ ಹೊತ್ತವನು ಅರ್ಜುನ. ಅಂಗಡಿ ಬೋರ್ಡುಗಳನ್ನು ದೊಡ್ಡದು ಮಾಡಿ ನೋಡಿ. ಕನ್ನಡದ ಒತ್ತಕ್ಷರಗಳು ಕಲಸಿಹೋಗಿದ್ದರೆ ಅನುಮಾನಪಡಿ.

ಅರಮನೆಯ ಕಲ್ಯಾಣ ಮಂಟಪದ ಗೋಡೆಗಳ ಮೇಲೆ ದಸರಾ ಮೆರವಣಿಗೆಯ ವರ್ಣಚಿತ್ರಗಳಿವೆ. ಕಲಾವಿದರು ಅವನ್ನು ನಿಜವಾದ ಫೋಟೊಗಳ ಆಧಾರದ ಮೇಲೆ ಬರೆದರು. ಕುಂಚದ ಕೆಲಸವಾದರೂ ಅವು ಇಂದು ಆ ಕಾಲದ ದಾಖಲೆ. ಅಂಥ ನಿಷ್ಠೆ ನಮಗೂ ಇರಲಿ.

ನೀವು ಚಿತ್ರ ಹಾಕುವಾಗ ದಿನಾಂಕ, ಜಾಗ, ತೆಗೆದವರ ಹೆಸರು ಬರೆಯಿರಿ. ಎಐ ಚಿತ್ರವಾದರೆ ಹಾಗೆಂದೇ ಹೇಳಿ. ಮನೆಯ ಆಲ್ಬಮ್ಮಿನಲ್ಲಿ ಹಳೆಯ ದಸರಾ ಫೋಟೊಗಳಿದ್ದರೆ ಹಿರಿಯರನ್ನು ಕೂರಿಸಿಕೊಂಡು ಕೇಳಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಇಸವಿ, ಹೆಸರು ಬರೆದಿಡಿ. ಸ್ಕ್ಯಾನ್ ಮಾಡಿ ಆ ವಿವರದೊಂದಿಗೇ ಹಂಚಿ. ನಾಳಿನ ಮಕ್ಕಳಿಗೆ ನಿಜವಾದ ಮೈಸೂರು ಸಿಗುವುದು ಇಂಥವುಗಳಿಂದಲೇ.